‘ಟೇಕ್’ ಎಂಬ ಇಂಗ್ಲಿಷು ಧಾತುವಿನ ಅರ್ಥವಿಚಾರ

ಯಾವ ಭಾಷೆಯಲ್ಲಾದರೂ ಕಠಿನಶಬ್ದಗಳಿಗಿಂತ ಸುಪರಿಚಿತಶಬ್ದಗಳೇ ನಿಘಂಟುಕಾರನಿಗೆ ಹೆಚ್ಚು ಕ್ಲೇಶವನ್ನುಂಟುಮಾಡುವುವು. ಕಠಿನಶಬ್ದಕ್ಕೆ ಒಂದೆರಡು ಅರ್ಥಗಳಿದ್ದು ವಿಚಾರವು ಅಲ್ಲಿಗೆ ಮುಗಿಯುವುದು. ನಿತ್ಯವ್ಯವಹಾರದ ಕ್ರಿಯಾಪದವಾದರೋ ಬಾಯಿಂದ ಬಾಯಿಗೆ ಸಾಗುತ್ತ ಹೊಸ ಹೊಸ ಅರ್ಥಗಳನ್ನು ಧರಿಸುವುದು. 1884ರಲ್ಲಿ ಮೊದಲ ಸಂಚಿಕೆ ಹೊರಟು 1928ರಲ್ಲಿ ಪೂರ್ತಿಯಾದ ಆಕ್ಸ್‌ಫರ್ಡ್ ಇಂಗ್ಲಿಷು ಮಹಾಕೋಶದಲ್ಲಿ ಅತಿದೀರ್ಘವಾದ ವಿವರಣೆಯನ್ನು ಪಡೆದುದು ‘ಸೆಟ್’ ಎಂಬ ಅಲ್ಪಕಾಯದ ಕ್ರಿಯಾಪದ. ಅದರ ಪರಿಷ್ಕೃತ ಆವೃತ್ತಿಯಲ್ಲಿ ‘ರನ್’ ಎಂಬುದಕ್ಕೆ 645 ಅರ್ಥಭೇದಗಳನ್ನು ಎಣಿಸಿದ್ದಾರೆ. ‘ಟೇಕ್’ ಎಂಬುದೂ ಇದೇ ಪಂಕ್ತಿಗೆ ಸೇರಿದ ಧಾತು. ನಮ್ಮ ಪಾಠಶಾಲೆಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಇದಕ್ಕೆ ‘ತೆಗೆದುಕೊಳ್ಳು’ ಎಂಬ ಒಂದೇ ಪ್ರತಿಪದವನ್ನು ಎಲ್ಲೆಡೆಯೂ ಇಡುವ ಪದ್ಧತಿ ಬೆಳೆದಿರುವುದರಿಂದ, ಇದರ ಅರ್ಥಗಳನ್ನೂ ಪರ್ಯಾಯಶಬ್ದಗಳನ್ನೂ ಕ್ರಮವಾಗಿ ವಿಚಾರಮಾಡುವುದು ಅಪ್ರಯೋಜಕವಾಗಲಾರದು.

1. ವ್ಯುತ್ಪತ್ತಿ

ಇಂಗ್ಲಿಷಿನವರು ದಿನಕ್ಕೆ ನೂರು ಬಾರಿ ನುಡಿಯುವ ಈ ಮಾತು ಅವರ ಮೂಲಭಾಷೆಯದಲ್ಲವೆಂಬುದು ಆಶ್ಚರ್ಯಕರವಾದ ಸಂಗತಿ. ಪ್ರಾಚೀನ ಇಂಗ್ಲಿಷಿನಲ್ಲಿ ಈ ಅರ್ಥಕ್ಕೆ ‘ನಿಮಾನ್’ ಎಂಬ ಧಾತುವಿದ್ದಿತು; ಜರ್ಮನ್ ಭಾಷೆಯಲ್ಲಿ ಅದರ ಸೋದರವಾದ ‘ನೇಮೆನ್’ ಇಂದಿಗೂ ಬಳಕೆಯಲ್ಲಿದೆ. ಒಂಬತ್ತನೆಯ ಶತಮಾನದಿಂದೀಚೆಗೆ ಉತ್ತರದೇಶಗಳ ನಾರ್ಸ್ ಜನರು ಇಂಗ್ಲೆಂಡಿನಲ್ಲಿ ನೆಲೆಸಿದಾಗ ಅವರ ‘ತಾಕಾ’ ಎಂಬ ಧಾತುವು ಅಲ್ಲಿಯ ಭಾಷೆಯನ್ನು ಹೊಕ್ಕು, ಕಾಲಕ್ರಮದಲ್ಲಿ ಮೂಲಧಾತುವನ್ನೇ ಹೊರದೂಡಿತು. ‘ನಿಮಾನ್’ ಧಾತುವಿನ ಅವಶೇಷಗಳು ಎರಡು ಶಬ್ದಗಳಲ್ಲಿ ಉಳಿದಿವೆ: ಚುರುಕಾದವನನ್ನು ಹೇಳುವ ‘ನಿಂಬಲ್’, ಅಂದರೆ ಬೇಗ ಗ್ರಹಿಸಬಲ್ಲವನು, ಜೋಮು ಹಿಡಿದುದನ್ನು ಹೇಳುವ ‘ನಂಬ್’, ಅಂದರೆ ಹಿಡಿಯಲ್ಪಟ್ಟುದು.

ಇದಕ್ಕೆ ಸಂಬಂಧಿಸಿದ ಗಾಥಿಕ್ ಧಾತುವಿಗೆ ‘ಮುಟ್ಟು’ ಎಂದೇ ಅರ್ಥ. ಮುಟ್ಟುವುದರಿಂದ ಹಿಡಿಯುವುದು, ಹಿಡಿದುದನ್ನು ವಶಪಡಿಸಿಕೊಳ್ಳುವುದು, ವಶವಾದುದನ್ನು ಒಯ್ಯುವುದು, ಬುದ್ಧಿಯಿಂದ ಹಿಡಿಯುವುದು, ಹೀಗೆ ಸ್ಪರ್ಶವೆಂಬ ಬೀಜದಿಂದ ಇತರ ಅರ್ಥಗಳು ಕವಲೊಡೆದುವೆಂದು ಊಹಿಸುವುದು ಯುಕ್ತವಾಗಿದೆ.

2. ಉಪಸರ್ಗಸಾದೃಶ್ಯ

ಧಾತುಗಳು ಅನೇಕಾರ್ಥಕಗಳೆಂಬುದೂ, ಉಪಸರ್ಗಯೋಗದಿಂದ ಅವುಗಳ ಅರ್ಥವು ಬೇರೊಂದು ಕಡೆಗೆ ಸಾಗುವುದೆಂಬುದೂ ನಮ್ಮ ವೈಯಾಕರಣರಿಗೆ ಹೊಸತಲ್ಲ. ‘ಹೃ’ ಧಾತುವೊಂದರಿಂದಲೇ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರಗಳೆಂಬ ಪರಸ್ಪರಭಿನ್ನವಾದ ಶಬ್ದಗಳು ಹುಟ್ಟುವುವು. ‘ದಾ’ ಎಂಬುದು ಕೊಡುವುದನ್ನು ಹೇಳುವ ಧಾತುವಾದರೂ ‘ಆಙ್’ ಉಪಸರ್ಗವು ಸೇರಿದೊಡನೆ ‘ಆದತ್ತೇ’ ಎಂದು ಆತ್ಮನೇಪದವಾಗಿ ಸ್ವೀಕಾರಾರ್ಥವನ್ನೇ ಕೊಡುವುದು. ಇಂಗ್ಲಿಷಿನಲ್ಲಿ ಈ ಕಾರ್ಯವನ್ನು ಪ್ರಾಯಶಃ ಕ್ರಿಯಾಪದದ ಹಿಂದೆ ಬರುವ ಅವ್ಯಯಗಳು ಮಾಡುವುವು. ‘ಟೇಕ್ ಆಫ್’ ಎಂದರೆ ಉಡುಪನ್ನು ಕಳಚುವುದು, ವಿಮಾನವು ನೆಲಬಿಟ್ಟೇಳುವುದು. ‘ಟೇಕ್ ಆಫ್ಟರ್’ ಎಂದರೆ ಹಿರಿಯರನ್ನು ಹೋಲುವುದು. ‘ಟೇಕ್ ಇನ್’ ಎಂದರೆ ಆಶ್ರಯವೀಯುವುದು, ಗ್ರಹಿಸುವುದು, ವಂಚಿಸುವುದು. ‘ಅಂಡರ್‌ಟೇಕ್’, ‘ಓವರ್‌ಟೇಕ್’ ಎಂಬಲ್ಲಿ ಮಾತ್ರ ಅವ್ಯಯವು ನಮ್ಮ ಉಪಸರ್ಗದಂತೆ ಮುಂದೆಯೇ ನಿಂತಿದೆ.

3. ಪರ್ಯಾಯಶಬ್ದಗಳು

ಪರ್ಯಾಯಗಳೆಂದು ಎಣಿಸುವ ಶಬ್ದಗಳು ಸಂಪೂರ್ಣವಾಗಿ ಸಮಾನಾರ್ಥಕಗಳಾಗಿರುವುದು ವಿರಳ. ‘ಗ್ರಾಸ್ಪ್’ ಎಂಬ ದೇಶ್ಯಶಬ್ದವು ಮುಷ್ಟಿಯ ಬಿಗಿಯನ್ನು ಹೇಳಿ, ಲಕ್ಷಣೆಯಿಂದ ಬುದ್ಧಿಯ ಗ್ರಹಣಕ್ಕೂ ಸಲ್ಲುವುದು. ‘ಸೀಜ್’ ಎಂಬುದು ಪ್ರಾಚೀನ ಫ್ರೆಂಚಿನಿಂದ ಬಂದುದು. ಮೊದಲು ಭೂಮಿಯ ಸ್ವಾಧೀನವನ್ನು ಕೊಡುವ ನ್ಯಾಯಶಾಸ್ತ್ರದ ಮಾತಾಗಿದ್ದು ಈಗ ಬಲಾತ್ಕಾರದ ಗ್ರಹಣವನ್ನು ಬೋಧಿಸುವುದು. ‘ಕ್ಯಾಪ್ಚರ್’, ‘ರಿಸೀವ್’, ‘ಅಕ್ಸೆಪ್ಟ್’ ಈ ಮೂರೂ ಲ್ಯಾಟಿನ್ನಿನ ‘ಕಾಪೆರೆ’ ಎಂಬ ಏಕಧಾತುವಿನ ಸಂತಾನ. ಆದರೂ ಮೊದಲನೆಯದು ಶತ್ರುವನ್ನು ಸೆರೆಹಿಡಿಯುವುದು, ಎರಡನೆಯದು ಬಂದುದು ಕೈಸೇರುವುದು, ಮೂರನೆಯದು ಬಂದುದಕ್ಕೆ ಸಮ್ಮತಿಸುವುದು. ‘ಅಡಾಪ್ಟ್’ ಎಂಬಲ್ಲಿ ಆರಿಸುವ ಅರ್ಥವು ಮೂಲದಲ್ಲಿಯೇ ಇದೆ. ದತ್ತುಸ್ವೀಕಾರಕ್ಕೆ ಆ ಶಬ್ದವು ಸಲ್ಲುವುದು ಇದರಿಂದಲೇ.

‘ರಿಸೀವ್’, ‘ಅಕ್ಸೆಪ್ಟ್’ ಎಂಬವುಗಳ ಭೇದವು ಕೇವಲ ಪಂಡಿತರ ಕುತೂಹಲದ ವಿಷಯವಲ್ಲ. ಎದುರುಪಕ್ಷದವನು ಕಳುಹಿಸಿದ ತಗಾದೆಯ ಪತ್ರವು ಒಬ್ಬನ ಕೈಸೇರಿದ ಮಾತ್ರಕ್ಕೆ ಅದರಲ್ಲಿರುವ ಬಾಕಿಯನ್ನು ಅವನು ಒಪ್ಪಿದಂತಾಗಲಿಲ್ಲ. ಕನ್ನಡದಲ್ಲಿ ಎರಡಕ್ಕೂ ‘ಸ್ವೀಕರಿಸು’ ಎಂದೇ ಬರೆಯುವ ರೂಢಿಯುಂಟು. ತನ್ನದಲ್ಲದುದನ್ನು ತನ್ನದಾಗಿ ಮಾಡಿಕೊಳ್ಳುವುದೇ ‘ಸ್ವೀಕಾರ’ವಾದುದರಿಂದ ಅದು ಸಮ್ಮತಿಗೇ ಸಮೀಪವಾದ ಶಬ್ದ. ಮೊದಲನೆಯದಕ್ಕೆ ‘ಪತ್ರವು ತಲುಪಿತು’ ಎಂಬ ಸರಳವಾದ ಮಾತೇ ನಿರ್ದುಷ್ಟವಾದುದು.

ಒಂದೇ ಅರ್ಥದ ಸುತ್ತ ಹಲವು ಭಾಷೆಗಳ ಪದರಗಳು ಕೂಡಿರುವುದು ಇಂಗ್ಲಿಷಿಗೆ ಮಾತ್ರ ವಿಶೇಷವಲ್ಲ. ‘ಕೊಳ್’, ‘ಪಡೆ’, ‘ಹಿಡಿ’ ಎಂಬ ದೇಶ್ಯಗಳು. ‘ಗ್ರಹಿಸು’, ‘ಪರಿಗ್ರಹಿಸು’, ‘ಅಂಗೀಕರಿಸು’ ಎಂಬ ಸಂಸ್ಕೃತಜನ್ಯಗಳು. ‘ವಸೂಲು’, ‘ಜಪ್ತಿ’, ‘ಖರೀದಿ’ ಎಂಬ ಅರಬ್ಬೀ ಪಾರಸೀ ಶಬ್ದಗಳು ನಮ್ಮಲ್ಲಿಯೂ ಹಾಗೆಯೇ ಕಾರ್ಯವನ್ನು ಹಂಚಿಕೊಂಡಿವೆ.

4. ಕನ್ನಡದಲ್ಲಿ ಇದರ ಪ್ರತಿಪದ

‘ತೆಗೆ’ ಎಂದರೆ ಸೆಳೆ, ಇದ್ದೆಡೆಯಿಂದ ಬೇರ್ಪಡಿಸು. ‘ಕೊಳ್’ ಎಂದರೆ ತನ್ನದಾಗಿಸು. ತಮಿಳಿನ ‘ಕೊಳ್’, ತೆಲುಗಿನ ‘ಕೊನು’ ಇದರ ಬಂಧುಗಳು. ಆದಕಾರಣ ‘ತೆಗೆದುಕೊಳ್ಳು’ ಎಂಬುದಕ್ಕೆ ಇದ್ದೆಡೆಯಿಂದ ಬೇರ್ಪಡಿಸಿ ತನ್ನದಾಗಿಸುವುದೆಂಬುದು ಅವಯವಾರ್ಥ. ಗೂಡಿನಿಂದ ಪುಸ್ತಕವನ್ನು, ಅಂಗಡಿಯಿಂದ ಅಕ್ಕಿಯನ್ನು ತೆಗೆದುಕೊಳ್ಳುವಲ್ಲಿ ಇದು ಸರ್ವಥಾ ಉಚಿತ. ಸ್ನಾನವನ್ನು ಎಲ್ಲಿಂದ ತೆಗೆಯುವುದು? ನಿರ್ಧಾರವನ್ನು ಯಾವ ಗೂಡಿನಿಂದ ತೆಗೆಯುವುದು? ಸ್ನಾನಮಾಡು, ಮೀ, ನಿರ್ಧರಿಸು, ತೀರ್ಮಾನಿಸು ಎಂಬ ಮಾತುಗಳು ಇರುವಾಗ ಅಪಾದಾನವೇ ಇಲ್ಲದ ಎಡೆಯಲ್ಲಿ ‘ತೆಗೆ’ಯನ್ನು ಹೇರುವುದು ಅನಾವಶ್ಯಕ.

ಕೆಲವೆಡೆ ಕಾರಕಗಳೇ ಪಲ್ಲಟವಾಗುವುವು. ಇಂಗ್ಲಿಷಿನವನು ಶೀತವನ್ನು ‘ಟೇಕ್’ ಮಾಡುವನು; ನಮ್ಮಲ್ಲಿ ನೆಗಡಿಯೇ ಮನುಷ್ಯನನ್ನು ಹಿಡಿಯುವುದು. ಅಲ್ಲಿ ಕೆಲಸವು ಎರಡು ಘಂಟೆಯನ್ನು ‘ಟೇಕ್’ ಮಾಡಿದರೆ ಇಲ್ಲಿ ಕೆಲಸಕ್ಕೆ ಎರಡು ಘಂಟೆ ಹಿಡಿಯುವುದು. ಮತ್ತೆ ಕೆಲವೆಡೆ ‘ಕೊಳ್’ ಧಾತುವೇ ಪೂರ್ವಪದದೊಡನೆ ಸೇರಿ ಇಂಗ್ಲಿಷಿನ ಅವ್ಯಯಗಳ ಕೆಲಸವನ್ನು ನಿರ್ವಹಿಸುವುದು: ಕಾರ್ಯವನ್ನು ಕೈಗೊಳ್ಳುವರು, ಉತ್ಸವದಲ್ಲಿ ಪಾಲ್ಗೊಳ್ಳುವರು, ಅತಿಥಿಯನ್ನು ಎದುರ್ಗೊಳ್ಳುವರು. ಹೊರಡುವವನು ಬೀಳ್ಕೊಳ್ಳುವನು, ಕಳುಹಿಸುವವನು ಬೀಳ್ಕೊಡುವನು. ಈ ಜೋಡಿಯ ಸೂಕ್ಷ್ಮವು ‘ರಜೆ ತೆಗೆದುಕೊಂಡನು’ ಎಂಬುದರಲ್ಲಿ ಎಲ್ಲಿ ಬಂದೀತು?

ಇದಲ್ಲದೆ ‘ಕೊಳ್’ ಎಂಬುದು ನಮ್ಮ ಆತ್ಮನೇಪದದ ಸ್ಥಾನದಲ್ಲಿಯೂ ನಿಂತಿದೆ. ಋತ್ವಿಜನು ಪರರಿಗಾಗಿ ‘ಯಜತಿ’, ಯಜಮಾನನು ತನಗಾಗಿ ‘ಯಜತೇ’ ಎಂಬ ಭೇದವನ್ನೇ ‘ಅಡುಗೆಮಾಡಿದನು’, ‘ಅಡುಗೆಮಾಡಿಕೊಂಡನು’ ಎಂಬ ಪ್ರಯೋಗಗಳು ತೋರಿಸುವುವು. ಫಲವು ಕರ್ತೃಗಾಮಿಯಲ್ಲದ ಎಡೆಗಳಲ್ಲಿಯೂ ‘ತೆಗೆದುಕೊಳ್ಳು’ ಎಂದು ಬರೆದರೆ ಈ ಸಹಾಯಕಧಾತುವಿನ ಸಾಮರ್ಥ್ಯವೇ ಸವೆದುಹೋಗುವುದು.

ಯೋಗಾರ್ಥಕ್ಕಿಂತ ರೂಢಿಯು ಬಲವತ್ತರವಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ‘ಸಾಲ ತೆಗೆದುಕೊಳ್ಳು’ ಎಂಬಂಥ ಪ್ರಯೋಗಗಳು ಜನರ ನಾಲಗೆಯಲ್ಲಿ ಸ್ಥಿರವಾಗಿವೆ, ಅವುಗಳನ್ನು ಅಳಿಸುವುದು ಸಾಧ್ಯವೂ ಅಲ್ಲ, ಯುಕ್ತವೂ ಅಲ್ಲ. ಹೊಸ ರೂಢಿಯು ಹಿಂದೆ ಇದ್ದ ಅರ್ಥಭೇದವೊಂದನ್ನು ಅಳಿಸುವಲ್ಲಿ ಮಾತ್ರ ಎಚ್ಚರವಿರಬೇಕು.

ಆದುದರಿಂದ ಉಪಾಧ್ಯಾಯರು ಈ ಧಾತುವನ್ನು ಬೋಧಿಸುವಾಗ ವಿದ್ಯಾರ್ಥಿಗಳಿಂದ ಮೂರು ಪ್ರಶ್ನೆಗಳನ್ನು ವಿಚಾರಮಾಡಿಸಬಹುದು. ವಸ್ತುವು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವುದೇ? ಕರ್ತೃವಿನ ಸಮ್ಮತಿಯುಂಟೇ, ಅಥವಾ ತಾನಾಗಿ ಒದಗಿದುದೇ? ಕ್ರಿಯೆಯ ಫಲವು ಯಾರಿಗೆ ಸಲ್ಲುವುದು? ಇವುಗಳಿಗೆ ಉತ್ತರವು ದೊರೆತರೆ ಪ್ರತಿಪದವು ಪ್ರಾಯಶಃ ತಾನೇ ಹೊಳೆಯುವುದು. ಇಂಗ್ಲಿಷು-ಕನ್ನಡ ನಿಘಂಟುಗಳಲ್ಲಿಯೂ ಇಂಥ ಧಾತುಗಳ ಅರ್ಥಗಳನ್ನು ಬರಿಯ ಪಟ್ಟಿಯಾಗಿ ಕೊಡದೆ, ಕಾರಕಸಂಬಂಧವನ್ನು ಅನುಸರಿಸಿ ಉದಾಹರಣಪೂರ್ವಕವಾಗಿ ವಿಂಗಡಿಸಿದರೆ ಭಾಷಾಂತರಕಾರರಿಗೆ ಮಹೋಪಕಾರವಾಗುವುದು. ಈ ಕ್ರಮದ ಯುಕ್ತಾಯುಕ್ತತೆಯನ್ನು ವಿದ್ವಾಂಸರು ಪರಿಶೀಲಿಸಬೇಕೆಂದು ವಿಜ್ಞಾಪನೆ.