ತಗೊಂಡೆನಾ, ಇಲ್ಲವಾ?

ಹೃದಯದ ಕಾಯಿಲೆಗೆ ದಿನಾ ಮಾತ್ರೆ ನುಂಗುವವರನ್ನು ಕಾಡುವ ಪ್ರಶ್ನೆಗಳು ಎರಡು. ಮಾತ್ರೆಯ ಹೊತ್ತು ನೆನಪಾಗುವುದು ಹೇಗೆ ಎಂಬುದು ಮೊದಲನೆಯದು. ಅದಕ್ಕೆ ಮೊಬೈಲಿನ ಅಲಾರಂ ಇದೆ, ಮನೆಯವರ ಗದರಿಕೆ ಇದೆ. ಎರಡನೆಯದು ಇನ್ನೂ ಕಷ್ಟದ್ದು. ತಿಂಡಿ ಮುಗಿಸಿ, ಪೇಪರ್ ಓದಿ, ಸ್ನಾನಕ್ಕೆ ಹೊರಡುವಾಗ ಅದು ತಟ್ಟನೆ ಎದ್ದು ನಿಲ್ಲುತ್ತದೆ: ಇವತ್ತಿನದು ತಗೊಂಡೆನಾ, ಇಲ್ಲವಾ? ಸ್ಟ್ರಿಪ್ ಹರಿದದ್ದು, ಲೋಟದ ನೀರು ಕುಡಿದದ್ದು ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅದು ಇವತ್ತಿನದೋ, ನಿನ್ನೆಯದೋ?

ವಯಸ್ಸಾಯಿತು, ಅರಳು ಮರಳು ಎಂದು ಮನೆಯವರು ನಗುತ್ತಾರೆ. ನಗುವ ವಿಷಯವಲ್ಲ. ಒಂದೇ ಕೆಲಸವನ್ನು ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ವರ್ಷಗಟ್ಟಲೆ ಮಾಡುತ್ತ ಬಂದರೆ ಮೆದುಳು ದಿನದಿನದ ಲೆಕ್ಕವನ್ನು ಬೇರೆ ಬೇರೆಯಾಗಿ ಬರೆದಿಡುವುದಿಲ್ಲ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸು ಓಡುವ ಮೂವತ್ತರ ಹುಡುಗನ ಮೆದುಳಿನ ಕಥೆಯೂ ಇದೇ. ಅಭ್ಯಾಸ ಗಟ್ಟಿಯಾದಷ್ಟೂ ಮೊದಲ ಪ್ರಶ್ನೆ ಸುಲಭವಾಗುತ್ತದೆ, ಎರಡನೆಯದು ಬಿಗಿಯಾಗುತ್ತದೆ. ಹಾಗಾಗಿ ಅಲಾರಂ ಇಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆ ಅರ್ಧ ಸಲಹೆ ಮಾತ್ರ.

ಎರಡನೆಯ ಪ್ರಶ್ನೆಗೆ ಒಳ್ಳೆಯ ಉತ್ತರವೊಂದು ಹುಟ್ಟಿದ್ದು ಹೃದ್ರೋಗಿಯ ಮನೆಯಲ್ಲಲ್ಲ. 1960ರ ದಶಕದ ಆರಂಭದಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಜಿನೀವಾ ಎಂಬ ಊರಿನಲ್ಲಿದ್ದ ಎಂಜಿನಿಯರ್ ಡೇವಿಡ್ ವ್ಯಾಗ್ನರ್ ಅವರ ಹೆಂಡತಿ ಡೋರಿಸ್, ನಾಲ್ಕು ಮಕ್ಕಳಾದ ಮೇಲೆ, ಆಗಷ್ಟೇ ಬಂದಿದ್ದ ಗರ್ಭನಿರೋಧಕ ಮಾತ್ರೆ ಶುರು ಮಾಡಿದ್ದರು. ಮಾತ್ರೆಗಳು ಸೀಸೆಯಲ್ಲಿ ಬರುತ್ತಿದ್ದ ಕಾಲ. ಇವತ್ತಿನದು ತಗೊಂಡೆಯಾ ಎಂದು ಗಂಡ ಕೇಳುವುದು, ಅದರಿಂದ ಮಾತಿಗೆ ಮಾತು ಬೆಳೆಯುವುದು. ಕೊನೆಗೆ ವ್ಯಾಗ್ನರ್ ಒಂದು ಹಾಳೆಯ ಮೇಲೆ ವಾರದ ದಿನಗಳನ್ನು ಬರೆದು ಒಂದೊಂದರ ಮೇಲೂ ಒಂದೊಂದು ಮಾತ್ರೆ ಇಟ್ಟರು. ಇವತ್ತಿನ ಜಾಗ ಖಾಲಿಯಿದ್ದರೆ ನುಂಗಿಯಾಯಿತು. ಕೇಳುವ, ಹೇಳುವ ಗೊಡವೆಯೇ ಇಲ್ಲ. ಆ ಹಾಳೆ ಒಮ್ಮೆ ಕೆಳಗೆ ಬಿದ್ದು ಮಾತ್ರೆಗಳೆಲ್ಲ ಚೆಲ್ಲಾಪಿಲ್ಲಿಯಾದ ಮೇಲೆ ಅವರು ಪ್ಲಾಸ್ಟಿಕ್ಕಿನ ದುಂಡು ಡಬ್ಬಿ ಮಾಡಿದರು. 1964ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು.

ನಮ್ಮ ದೂರದರ್ಶನದ ಜಾಹೀರಾತಿನ ಕಾಲದವರಿಗೆ ಮಾಲಾ-ಡಿ ಎಂಬ ಗರ್ಭನಿರೋಧಕ ಮಾತ್ರೆ ನೆನಪಿರಬೇಕು. ಆ ಸ್ಟ್ರಿಪ್‌ನಲ್ಲಿ 28 ಮಾತ್ರೆ. ಅದರಲ್ಲಿ ಹಾರ್ಮೋನ್ ಇರುವುದು 21ರಲ್ಲಿ. ಉಳಿದ 7 ಬರೀ ಕಬ್ಬಿಣಾಂಶದವು. ಆ ಏಳು ದಿನ ಹಾರ್ಮೋನ್ ಬೇಕಾಗಿಲ್ಲ. ಆದರೂ ದಿನಕ್ಕೊಂದು ನುಂಗುವ ರೂಢಿ ತಪ್ಪದಿರಲಿ, ರಕ್ತಹೀನತೆಗೂ ಆದೀತು ಎಂಬ ಲೆಕ್ಕಾಚಾರ. ಬಿಡಬೇಕಾದ ದಿನಕ್ಕೂ ಒಂದು ಮಾತ್ರೆ ಕೊಟ್ಟ ಈ ಜಾಣತನ ಹೃದಯದ ಔಷಧಿಗಳ ಹತ್ತಿರ ಯಾಕೆ ಸುಳಿಯಲಿಲ್ಲವೋ! ನಮ್ಮ ಮೆಡಿಕಲ್ ಶಾಪುಗಳಲ್ಲಿ ಸಿಗುವ ಸ್ಟ್ರಿಪ್‌ಗಳಲ್ಲಿ ಒಂದಕ್ಕೆ ಹತ್ತು ಮಾತ್ರೆ, ಒಂದಕ್ಕೆ ಹದಿನಾಲ್ಕು, ಇನ್ನೊಂದಕ್ಕೆ ಹದಿನೈದು. ಬಹುಪಾಲು ಸ್ಟ್ರಿಪ್‌ಗಳಲ್ಲಿ ವಾರದ ಹೆಸರಿಲ್ಲ. ಒಂದು ಮುಗಿದಾಗ ಇನ್ನೊಂದರಲ್ಲಿ ನಾಲ್ಕು ಉಳಿದಿರುತ್ತದೆ. ಅವೂ ಮುಗಿಯಲಿ, ಎಲ್ಲ ಒಟ್ಟಿಗೆ ತಂದರಾಯಿತು ಎಂದು ಕಾಯುತ್ತಾರೆ. ಮುಗಿದದ್ದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯಾಗಿದ್ದರೆ ಆ ನಾಲ್ಕು ದಿನ ಅದೇ ಇರುವುದಿಲ್ಲ.

ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದವರ ಚೀಲವನ್ನೊಮ್ಮೆ ತೆರೆದು ನೋಡಿ. ಖಾಲಿ ಹೊಟ್ಟೆಗೆ ಗ್ಯಾಸಿನ ಮಾತ್ರೆ. ತಿಂಡಿ ಆದ ಮೇಲೆ ಬಿಪಿಯದು, ಹೃದಯದ ಬಡಿತ ನಿಧಾನ ಮಾಡುವ ಮೆಟೊಪ್ರೊಲಾಲ್. ರಕ್ತ ತೆಳುವಾಗಿಸುವವು ಎಂದು ಜನ ಕರೆಯುವ ಆಸ್ಪಿರಿನ್ ಮತ್ತು ಅದರ ಜೊತೆಗೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲರ್. ರಾತ್ರಿಗೆ ಕೊಲೆಸ್ಟ್ರಾಲ್ ಮಾತ್ರೆ. ಸಕ್ಕರೆ ಕಾಯಿಲೆ ಇದ್ದರೆ ಅದರ ಸಾಲು ಬೇರೆ. ಚೀಟಿಯ ಮೇಲೆ 1-0-1 ಎಂದು ಬರೆದದ್ದನ್ನು ಮೆಡಿಕಲ್ ಶಾಪಿನ ಹುಡುಗ ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸುತ್ತಲೇ ವಿವರಿಸಿ ಮುಗಿಸಿರುತ್ತಾನೆ.

ಇವೆಲ್ಲ ಒಂದೇ ತೂಕದವಲ್ಲ ಎಂಬುದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಆಸ್ಪಿರಿನ್ ರಕ್ತದ ಕಿರುಬಿಲ್ಲೆಗಳ ಅಂಟುವ ಗುಣವನ್ನು ಅವು ಸಾಯುವವರೆಗೂ, ಅಂದರೆ ಏಳರಿಂದ ಹತ್ತು ದಿನ, ಕೆಡಿಸಿಡುತ್ತದೆ. ಒಂದು ದಿನ ತಪ್ಪಿದರೆ ಅದು ಸ್ವಲ್ಪ ತಡೆದುಕೊಂಡೀತು. ಟಿಕಾಗ್ರೆಲರ್ ಹಾಗಲ್ಲ, ಅದರ ಹಿಡಿತ ಬೇಗ ಸಡಿಲವಾಗುತ್ತದೆ; ಅದಕ್ಕೇ ದಿನಕ್ಕೆ ಎರಡು ಸಲ. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಈ ಜೋಡಿ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷ ಬರೆಯುತ್ತಾರೆ. ಮೊದಲ ತಿಂಗಳುಗಳಲ್ಲೇ ಬಿಟ್ಟರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಎರಡನೆಯ ಆಘಾತವಾಗಬಹುದು. ಹಲ್ಲು ಕೀಳಿಸುವುದಿದೆ ಎಂದು ತಾವೇ ನಿರ್ಧರಿಸಿ ಬಿಡುವವರಿದ್ದಾರೆ. ಹೃದಯದ ಡಾಕ್ಟರನ್ನು ಕೇಳದೆ ಅದನ್ನು ನಿಲ್ಲಿಸಲೇಬಾರದು. ಮೆಟೊಪ್ರೊಲಾಲ್ ಅಥವಾ ಅಟೆನೊಲಾಲ್ ಅನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಅದುಮಿಟ್ಟಿದ್ದ ಎದೆಬಡಿತ, ಎದೆನೋವು ಹೆಡೆಯೆತ್ತಬಹುದು. ಇನ್ನು ಲೋಹದ ಕವಾಟ ಹಾಕಿಸಿಕೊಂಡವರ ಅಸಿಟ್ರೋಮ್, ವಾರ್ಫರಿನ್. ಇವುಗಳಲ್ಲಿ ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಡಿಗಾಕ್ಸಿನ್ ಅಂತೂ ಒಂದಿಷ್ಟು ಹೆಚ್ಚಾದರೂ ವಿಷವೇ. ಅದನ್ನು ವಾರಕ್ಕೆ ಐದೇ ದಿನ ಎಂದು ಬರೆಯುವ ರೂಢಿ ನಮ್ಮ ದೇಶದಲ್ಲಿದೆ. ಯಾವ ಎರಡು ದಿನ ಬಿಡಬೇಕಿತ್ತು ಎಂಬುದು ಅಲ್ಲಿ ಮೂರನೆಯ ಪ್ರಶ್ನೆ.

ಕೊಲೆಸ್ಟ್ರಾಲ್ ಮಾತ್ರೆಯದು ಇನ್ನೊಂದು ಬಗೆ. ಒಂದು ರಾತ್ರಿ ಮರೆತರೆ ಏನೂ ಆಗುವುದಿಲ್ಲ. ಒಂದು ವಾರ ಮರೆತರೂ ಮೈಗೆ ಗೊತ್ತಾಗುವುದಿಲ್ಲ. ತೊಂದರೆ ಇರುವುದು ಅಲ್ಲೇ. ತಲೆನೋವಿನ ಮಾತ್ರೆಯನ್ನು ಯಾರೂ ಮರೆಯುವುದಿಲ್ಲ, ತಲೆಯೇ ನೆನಪಿಸುತ್ತದೆ. ಬಿಟ್ಟರೂ ನೋಯದ, ತಗೊಂಡರೂ ಹಿತವೆನಿಸದ ಮಾತ್ರೆಯನ್ನು ನೆನಪಿನ ಬಲದಿಂದಲೇ ವರ್ಷಗಟ್ಟಲೆ ನುಂಗು ಎಂದರೆ ಮನುಷ್ಯನಿಂದ ಆಗುವ ಕೆಲಸವಲ್ಲ. ದೀರ್ಘಕಾಲದ ಕಾಯಿಲೆಯವರಲ್ಲಿ ಹೇಳಿದಂತೆ ಔಷಧಿ ತೆಗೆದುಕೊಳ್ಳುವವರು ಶ್ರೀಮಂತ ದೇಶಗಳಲ್ಲೂ ಸರಾಸರಿ ಅರ್ಧದಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ವರದಿ ಕೊಟ್ಟಿತು.

‘ಮರೆತುಹೋಯ್ತು ಡಾಕ್ಟ್ರೇ’ ಎನ್ನುವ ಎಲ್ಲರೂ ಮರೆತಿರುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹೃದಯ ಸೋತು ಕಾಲು ಊದಿಕೊಂಡವರಿಗೆ ನೀರಿಳಿಸುವ ಮಾತ್ರೆ ಕೊಡುತ್ತಾರೆ, ಲ್ಯಾಸಿಕ್ಸ್ ತರಹದ್ದು. ನುಂಗಿದ ಮೇಲೆ ಕೆಲವು ಗಂಟೆ ಮತ್ತೆ ಮತ್ತೆ ಬಚ್ಚಲಿಗೆ ಹೋಗಬೇಕು. ಸಿಂಧನೂರಿನಿಂದ ಬೆಂಗಳೂರಿಗೆ ಬಸ್ಸು ಹತ್ತುವ ಹೆಂಗಸು ಅದನ್ನು ಆ ದಿನ ನುಂಗುತ್ತಾಳೆಯೇ? ಮದುವೆಮನೆ, ತಿಥಿ, ಕೋರ್ಟಿನ ವಾಯಿದೆ, ಎಲ್ಲ ಕಡೆಯೂ ಇದೇ ಕಥೆ. ಪ್ರಯಾಣದ ದಿನ ಮಾತ್ರೆಯ ಹೊತ್ತನ್ನು ಹಿಂದೆ ಮುಂದೆ ಮಾಡಬಹುದೇ ಎಂದು ಡಾಕ್ಟರನ್ನು ಕೇಳಿದ್ದರೆ ಬಹಳ ಸಲ ದಾರಿ ಸಿಗುತ್ತಿತ್ತು. ಬಚ್ಚಲಿನ ಮಾತನ್ನು ಅಲ್ಲಿ ಎತ್ತಲು ಸಂಕೋಚ.

ಉಪವಾಸದ್ದು ಮತ್ತೊಂದು. ಮಾತ್ರೆ ಊಟವಾದ ಮೇಲೆ ಎಂದು ಹೇಳಿದ್ದಾರೆ, ಏಕಾದಶಿಗೆ ಊಟವೇ ಇಲ್ಲ, ಹಾಗಾಗಿ ಮಾತ್ರೆಯೂ ಇಲ್ಲ. ಶನಿವಾರದ ಒಪ್ಪತ್ತಿಗೆ ರಾತ್ರಿಯ ಮಾತ್ರೆ ಹೋಗುತ್ತದೆ. ರಂಜಾನಿನಲ್ಲಿ ಹಗಲಿನ ಮಾತ್ರೆಗಳನ್ನು ಸಹರಿಗೂ ಇಫ್ತಾರಿಗೂ ಹೊಂದಿಸಿಕೊಡುವ ವೈದ್ಯರಿದ್ದಾರೆ. ತಿಂಗಳ ಮೊದಲೇ ಹೋಗಿ ಕೇಳಬೇಕು ಅಷ್ಟೇ. ಬಿಪಿ ನಾರ್ಮಲ್ ಬಂದಿದೆ, ಇನ್ನೇಕೆ ಎಂದು ಬಿಟ್ಟವರೂ ಬಹಳ. ನಾರ್ಮಲ್ ಬಂದಿರುವುದು ಆ ಮಾತ್ರೆಯಿಂದಲೇ.

ದುಡ್ಡಿನ ಮಾತು ಬಿಟ್ಟರೆ ಈ ಲೇಖನ ಸುಳ್ಳಾಗುತ್ತದೆ. 17 ದೇಶಗಳಲ್ಲಿ ನಡೆದ, ನಮ್ಮಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ ಪಾಲ್ಗೊಂಡ ‘ಪ್ಯೂರ್’ ಅಧ್ಯಯನ 2011ರಲ್ಲಿ ಒಂದು ಅಂಕಿ ಕೊಟ್ಟಿತು. ಬಡ ದೇಶಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರ ಪೈಕಿ ಶೇ 80ರಷ್ಟು ಮಂದಿ ಈ ಮುಖ್ಯ ಔಷಧಿಗಳಲ್ಲಿ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಅವರು ಮರೆತವರಲ್ಲ, ಮರೆಯಲು ಅವರ ಕೈಯಲ್ಲಿ ಮಾತ್ರೆಯೇ ಇರಲಿಲ್ಲ. ಜನೌಷಧಿ ಕೇಂದ್ರಗಳಿಂದ ಈಗ ಹೊರೆ ಇಳಿದಿರುವುದು ನಿಜ. ಆದರೆ ಕಂಪನಿ ಬದಲಾದಾಗ ಮಾತ್ರೆಯ ರೂಪವೂ ಬದಲಾಗುತ್ತದೆ. ಹೃದಯಾಘಾತವಾದವರ ಮಾತ್ರೆಯ ಬಣ್ಣ ಬದಲಾದಾಗ ಅವರು ಅದನ್ನು ಬಿಡುವ ಸಂಭವ ಶೇ 34ರಷ್ಟು, ಆಕಾರ ಬದಲಾದಾಗ ಶೇ 66ರಷ್ಟು ಹೆಚ್ಚುತ್ತದೆ ಎಂದು ಅಮೆರಿಕದ 2014ರ ಅಧ್ಯಯನವೊಂದು ತೋರಿಸಿತು. ‘ಗುಲಾಬಿದು ಬೆಳಿಗ್ಗೆ, ಬಿಳೀದು ರಾತ್ರಿ’ ಎಂದು ಗುರುತಿಟ್ಟುಕೊಂಡ ಅಜ್ಜಿಗೆ ಎರಡೂ ಬಿಳಿಯವೇ ಬಂದರೆ ಏನು ಮಾಡಬೇಕು?

ಇಷ್ಟು ಸ್ಟ್ರಿಪ್‌ಗಳೇ ಬೇಡ, ಎಲ್ಲ ಸೇರಿಸಿ ಒಂದೇ ಗುಳಿಗೆ ಮಾಡಿ ಎಂಬ ಯೋಚನೆ ಹಳೆಯದು. ಬ್ರಿಟನ್ನಿನ ವಾಲ್ಡ್ ಮತ್ತು ಲಾ 2003ರಲ್ಲಿ ಅದನ್ನು ‘ಪಾಲಿಪಿಲ್’ ಎಂದು ಕರೆದು ಪ್ರಸ್ತಾಪ ಮಾಡಿದರು. ಅಂಥ ಗುಳಿಗೆಯ ಮೊದಮೊದಲ ದೊಡ್ಡ ಪರೀಕ್ಷೆಯೊಂದು ನಡೆದದ್ದು ನಮ್ಮ ದೇಶದಲ್ಲೇ, ಸೇಂಟ್ ಜಾನ್ಸ್ ವೈದ್ಯರ ಮುಂದಾಳತ್ವದಲ್ಲಿ. ಫಲಿತಾಂಶ 2009ರಲ್ಲಿ ಬಂತು. ಭಾರತ ಮತ್ತು ಯುರೋಪಿನಲ್ಲಿ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಒಂದೇ ಗುಳಿಗೆಯವರಲ್ಲಿ ಶೇ 86 ಮಂದಿ ಔಷಧಿ ತಪ್ಪಿಸಲಿಲ್ಲ. ಬಿಡಿ ಮಾತ್ರೆಯವರಲ್ಲಿ ಆ ಲೆಕ್ಕ ಶೇ 65. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಇದನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಒಬ್ಬೊಬ್ಬರ ಪ್ರಮಾಣ ಹೊಂದಿಸುವುದು ಕಷ್ಟ ಎಂಬ ವೈದ್ಯರ ಆಕ್ಷೇಪ ಸರಿಯೇ. ಆದರೂ ಅಳತೆಗೆ ಹೊಲಿದ ಐದು ಮಾತ್ರೆ ಡಬ್ಬಿಯಲ್ಲಿ ಉಳಿಯುವುದಕ್ಕಿಂತ ಹೊಟ್ಟೆಗೆ ಹೋಗುವ ಒಂದು ಮಾತ್ರೆ ಮೇಲು ಎಂದು ನನಗನ್ನಿಸುತ್ತದೆ.

ಆ ಒಂದೇ ಗುಳಿಗೆ ನಿಮ್ಮ ಚೀಟಿಗೆ ಬರುವವರೆಗೆ ಮನೆಯಲ್ಲೇ ಏರ್ಪಾಟು ಆಗಬೇಕು. ಇಂತಿಷ್ಟು ಗಂಟೆಗೆ ಎಂದು ನೆನಪಿಟ್ಟುಕೊಳ್ಳುವುದಕ್ಕಿಂತ ಇಂಥ ಕೆಲಸವಾದ ಮೇಲೆ ಎಂದು ಕಟ್ಟಿಕೊಳ್ಳುವುದು ಮನಸ್ಸಿಗೆ ಸುಲಭ ಎಂಬುದನ್ನು ಮನಶ್ಶಾಸ್ತ್ರಜ್ಞರು ಪರೀಕ್ಷೆ ಮಾಡಿ ಕಂಡುಕೊಂಡಿದ್ದಾರೆ. ಎಂಟು ಗಂಟೆಗೆ ಎನ್ನಬೇಡಿ, ತಿಂಡಿ ತಟ್ಟೆ ತೊಳೆಯಲು ಹಾಕಿದ ಮೇಲೆ ಎನ್ನಿ. ಎರಡನೆಯ ಪ್ರಶ್ನೆಗೆ ಏಳು ಮನೆಗಳ ಡಬ್ಬಿ, ಭಾನುವಾರ ತುಂಬಿಸುವುದು. ಡಬಿಗಾಟ್ರಾನ್‌ನಂಥ ಕೆಲವನ್ನು ಮೂಲ ಪ್ಯಾಕಿನಿಂದ ಬಿಡಿಸಿ ಇಡಬಾರದು, ಅಂಗಡಿಯಲ್ಲಿ ಕೇಳಿ. ಡಬ್ಬಿಯೂ ಬೇಡವೆಂದರೆ ಸ್ಟ್ರಿಪ್‌ನ ಬೆನ್ನಿಗೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ಅಥವಾ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಒಂದು ಗೀಟು ಹಾಕಿ. ಹಾಲಿನ ಲೆಕ್ಕ ನಮ್ಮ ಮನೆಗಳಲ್ಲಿ ಎಂದೂ ತಪ್ಪಿದ್ದಿಲ್ಲ.

ಆ ಲೆಕ್ಕ ಬರೆಯುವವರ ಬಗ್ಗೆಯೂ ಒಂದು ಮಾತು. ‘ರೀ, ಮಾತ್ರೆ ತಗೊಂಡ್ರಾ?’ ಎಂದು ಕೇಳಿ, ನೀರಿನ ಲೋಟದ ಸಮೇತ ಕೈಗೆ ಕೊಡುವ ಹೆಂಡತಿಯೇ ಎಷ್ಟೋ ಗಂಡಸರ ಅಲಾರಂ, ಡಬ್ಬಿ, ಕ್ಯಾಲೆಂಡರ್ ಎಲ್ಲ. ಅವರು ಮಗಳ ಬಾಣಂತನಕ್ಕೆಂದು ಪುಣೆಗೋ ಅಮೆರಿಕಕ್ಕೋ ಹೊರಟರೆ ಯಾವುದು ಬೆಳಿಗ್ಗೆಯದು, ಯಾವುದು ರಾತ್ರಿಯದು ಎಂಬುದೇ ಯಜಮಾನರಿಗೆ ಗೊತ್ತಿರುವುದಿಲ್ಲ. ಇತ್ತ ಆಕೆಯ ಬಿಪಿ ಮಾತ್ರೆಯನ್ನು ಕೇಳುವವರು ಯಾರು? ಎಲ್ಲರ ಊಟವಾಗಿ ಪಾತ್ರೆ ತೊಳೆದಿಟ್ಟ ಮೇಲೆ ನೆನಪಾದರೆ ಉಂಟು.

ಒಂದು ಹೊತ್ತು ತಪ್ಪಿಹೋದರೆ ಸಾಮಾನ್ಯವಾಗಿ ನೆನಪಾದ ಕೂಡಲೇ ತಗೊಳ್ಳಬಹುದು. ಮುಂದಿನದರ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಬೇಕು, ಎರಡನ್ನು ಒಟ್ಟಿಗೆ ನುಂಗುವುದು ಬೇಡ. ತಗೊಂಡೆನಾ ಇಲ್ಲವಾ ಎಂಬ ಅನುಮಾನವಿದ್ದಾಗ ಅಸಿಟ್ರೋಮ್, ಡಿಗಾಕ್ಸಿನ್‌ನಂಥವನ್ನು ಮತ್ತೆ ನುಂಗದೆ ಡಾಕ್ಟರಿಗೆ ಫೋನ್ ಮಾಡಿ. ಮುಂದಿನ ತಪಾಸಣೆಗೆ ಹೋಗುವಾಗ ಚೀಟಿಯ ಜೊತೆಗೆ ಮನೆಯಲ್ಲಿರುವ ಸ್ಟ್ರಿಪ್‌ಗಳನ್ನೆಲ್ಲ, ಅರ್ಧ ಉಳಿದವನ್ನೂ, ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ. ಬಸ್ಸಿಗಾಗಿ ಬಿಟ್ಟದ್ದೋ, ಉಪವಾಸಕ್ಕೆ ಬಿಟ್ಟದ್ದೋ, ದುಡ್ಡು ಸಾಲದೆ ಬಿಟ್ಟದ್ದೋ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ನೀವು ಮಾತ್ರೆ ನುಂಗುತ್ತಲೇ ಇದ್ದೀರಿ ಎಂದುಕೊಂಡರೆ ಡಾಕ್ಟರು ಇನ್ನೊಂದು ಮಾತ್ರೆಯನ್ನು ಹೊಸದಾಗಿ ಬರೆಯುತ್ತಾರೆ.