ಸೇನೆಯ ಹಳೆಯ ಲಾರಿಗಳು: ಶಕ್ತಿಮಾನ್ ಯೋಜನೆಯ ವೆಚ್ಚ ವಿಚಾರ

ಸೈನ್ಯದ ಇತಿಹಾಸಕಾರರು ಫಿರಂಗಿಗಳಿಗೆ ಕೊಡುವ ಸ್ಥಾನವನ್ನು ಸಾಗಣೆಯ ಗಾಡಿಗಳಿಗೆ ಕೊಡುವುದು ವಿರಳ. ಹಳೆಯ ಗಾಡಿಗಳನ್ನು ಯಾವಾಗ, ಯಾವ ವೆಚ್ಚದಲ್ಲಿ ಬದಲಿಸಬೇಕೆಂಬುದಾದರೋ ಬೊಕ್ಕಸಕ್ಕೂ ದಂಡಿನ ಚಲನೆಗೂ ಸಂಬಂಧಿಸಿದ ಪ್ರಶ್ನೆ. ಸ್ವತಂತ್ರ ಭಾರತದಲ್ಲಿ ಇದಕ್ಕೆ ದೊರೆತ ಒಂದು ಉತ್ತರವನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

1947ರ ತರುವಾಯ ನಮ್ಮ ಸೇನೆಯ ಪಾಲಿಗೆ ಉಳಿದ ಲಾರಿಗಳಲ್ಲಿ ಬಹಳಷ್ಟು ಎರಡನೆಯ ಮಹಾಯುದ್ಧದ ಕಾಲದವು. ಫೋರ್ಡ್, ಷೆವರ್ಲೆ, ಡಾಡ್ಜ್ ಮೊದಲಾದ ಹಲವು ತಯಾರಿಕೆಗಳವು. ಒಂದರ ಬಿಡಿಭಾಗ ಮತ್ತೊಂದಕ್ಕೆ ಹೊಂದದು. ಯುದ್ಧ ಮುಗಿದ ಮೇಲೆ ಅಂಥ ಮಾದರಿಗಳ ತಯಾರಿಕೆಯೂ ನಿಂತಿತು. ಇಂಥ ಸ್ಥಿತಿಯಲ್ಲಿ ಒಂದು ಲಾರಿಯನ್ನು ಓಡಿಸಲು ಇನ್ನೊಂದನ್ನು ಬಿಚ್ಚಬೇಕಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಲಾರಿಗಳೆರಡು, ರಸ್ತೆಯ ಮೇಲೆ ಒಂದೇ. ಹೊಸದನ್ನು ಕೊಳ್ಳದೆ ಉಳಿಸಿದ ಹಣ ಹೀಗೆ ದುರಸ್ತಿಯಲ್ಲಿ ಕರಗುವುದನ್ನು ಯಾವ ಆಯವ್ಯಯ ಪತ್ರವೂ ಒಡೆದು ತೋರಿಸುವುದಿಲ್ಲ.

ವಿದೇಶದಿಂದ ಕೊಳ್ಳೋಣವೆಂದರೆ 1957ರ ಹೊತ್ತಿಗೆ ವಿದೇಶೀ ವಿನಿಮಯದ ಮುಗ್ಗಟ್ಟು ತಲೆದೋರಿತ್ತು. ರಕ್ಷಣಾ ಮಂತ್ರಿ ವಿ. ಕೆ. ಕೃಷ್ಣ ಮೆನನ್ನರು ಸರಕಾರದ ಶಸ್ತ್ರಾಸ್ತ್ರ ಕಾರ್ಖಾನೆಗಳಲ್ಲಿ ಕೆಲಸವಿಲ್ಲದೆ ನಿಂತಿದ್ದ ಯಂತ್ರಗಳತ್ತ ದೃಷ್ಟಿ ಹಾಯಿಸಿದರು. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಂತೆ, 1959ರಲ್ಲಿ ಜಬಲ್ಪುರದ ಗನ್ ಕ್ಯಾರಿಯೇಜ್ ಕಾರ್ಖಾನೆಯಿಂದ ಮೊದಲ ಶಕ್ತಿಮಾನ್ ಹೊರಬಂದಿತು. ಪ್ರಾರಂಭದಲ್ಲಿ ಜರ್ಮನ್ ಭಾಗಗಳ ಜೋಡಣೆ. ಸ್ವದೇಶೀ ಭಾಗಗಳ ಪಾಲು ಹೆಚ್ಚಿದ್ದು ಕ್ರಮೇಣ. 1969ರಲ್ಲಿ ಅಲ್ಲಿಯೇ ಪ್ರತ್ಯೇಕ ವಾಹನ ಕಾರ್ಖಾನೆ ಸ್ಥಾಪಿತವಾಯಿತು.

ಇದು ಅಗ್ಗವಾಯಿತೆ? ಮೊದಲೇ ಇದ್ದ ಕಟ್ಟಡ, ಯಂತ್ರಗಳ ಬೆಲೆಯನ್ನು ಲೆಕ್ಕದಿಂದ ಬಿಟ್ಟರೆ ಯಾವ ಲಾರಿಯಾದರೂ ಅಗ್ಗವೇ. ನಮ್ಮ ಅಭಿಪ್ರಾಯದಲ್ಲಿ ನಿಜವಾದ ಲಾಭ ಬೆಲೆಯಲ್ಲಿರಲಿಲ್ಲ, ಏಕರೂಪತೆಯಲ್ಲಿತ್ತು: ಒಂದೇ ಮಾದರಿ, ಒಂದೇ ಬಗೆಯ ಬಿಡಿಭಾಗ, ಒಂದೇ ತರಬೇತಿ. (ಮಿತವ್ಯಯದ ಹೆಸರಿನಲ್ಲಿ 1860ರಲ್ಲಿ ನಮ್ಮ ಮೈಸೂರಿನ ಅಮೃತಮಹಲ್ ದನಗಳನ್ನು ಮಾರಿ, ಕೆಲವೇ ವರ್ಷಗಳಲ್ಲಿ ಆ ಇಲಾಖೆಯನ್ನು ಮತ್ತೆ ಕಟ್ಟಬೇಕಾಗಿ ಬಂದುದು ಇಲ್ಲಿ ನೆನಪಾಗುತ್ತದೆ. ಅವೂ ಸೇನೆಯ ಸಾಗಣೆಯ ಎತ್ತುಗಳೇ ಅಷ್ಟೆ!)

ಆದರೆ ಅದೇ ಏಕರೂಪತೆ ಮುಂದೆ ತೊಡಕೂ ಆಯಿತು. ಪ್ರತಿಸ್ಪರ್ಧಿಯಿಲ್ಲದ ಮಾದರಿ ಹೆಚ್ಚು ಬದಲಾಗದೆ 1996ರವರೆಗೆ ತಯಾರಾಯಿತು. ಕಾರ್ಖಾನೆಯಿಂದ ಹೊಸದಾಗಿ ಹೊರಡುವ ಲಾರಿಯೇ ವಿನ್ಯಾಸದಲ್ಲಿ ಮುದಿಯಾಗಿತ್ತು. ಬಳಿಕ ಅಶೋಕ್ ಲೇಲ್ಯಾಂಡ್ ಕಂಪನಿಯ ಸ್ಟ್ಯಾಲಿಯನ್ ಲಾರಿಯನ್ನು ಆರಿಸಿ, ಜಬಲ್ಪುರದಲ್ಲಿಯೇ ಜೋಡಿಸತೊಡಗಿದರು. ನಾಗರಿಕರ ಲಾರಿಗಳನ್ನು ಆಗಲೇ ತಯಾರಿಸುತ್ತಿದ್ದ ಕಂಪನಿಯಾದ್ದರಿಂದ, ವಿನ್ಯಾಸದ ವೆಚ್ಚವೆಲ್ಲ ಸೇನೆಯೊಂದರ ಮೇಲೆಯೇ ಬೀಳಲಿಲ್ಲ. 2021ರ ಅಕ್ಟೋಬರ್ 1ರಿಂದ ಆ ಕಾರ್ಖಾನೆಯೂ ಸರಕಾರಿ ಇಲಾಖೆಯ ಅಂಗವಾಗಿ ಉಳಿಯದೆ ಸರಕಾರಿ ಕಂಪನಿಯೊಂದಕ್ಕೆ ಸೇರಿದೆ. ಕಟ್ಟಡ, ಯಂತ್ರಗಳ ಬೆಲೆಯನ್ನು ಇನ್ನು ಲೆಕ್ಕದಿಂದ ಬಿಡುವಂತಿಲ್ಲ.