ಕಿರುತೆರೆಯ ಮೇಲೆ ಭೂಮಿಯ ಜನ್ಮವೃತ್ತಾಂತ

ಅಮರಕೋಶದಲ್ಲಿ ಭೂಮಿಗೆ 'ಅಚಲಾ', 'ಸ್ಥಿರಾ' ಎಂಬ ಹೆಸರುಗಳುಂಟು. ದೂರದರ್ಶನದ ಸಾಕ್ಷ್ಯಚಿತ್ರಗಳಲ್ಲಿ ಕಾಣುವ ಭೂಮಿಯಾದರೋ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಭೂಗೋಲವು ಕುದಿಯುವ ಶಿಲಾರಸದ ಉಂಡೆ. ಉಲ್ಕೆಗಳು ಮಳೆಯಂತೆ ಸುರಿಯುತ್ತವೆ. ಕೋಟಿ ವರ್ಷಗಳು ಕ್ಷಣಾರ್ಧದಲ್ಲಿ ಕಳೆದುಹೋಗುತ್ತವೆ. ಇದನ್ನು ನೋಡುವ ಬಾಲಕನಿಗೆ ಒಂದು ಸಂದೇಹ ಹುಟ್ಟುವುದು ಸಹಜ: ಆಗ ಮನುಷ್ಯನೇ ಇರಲಿಲ್ಲವಲ್ಲ, ಈ ಚಿತ್ರವನ್ನು ತೆಗೆದವರಾರು?

ಸಂದೇಹ ಯೋಗ್ಯವಾದುದೇ. ಆ ದೃಶ್ಯಗಳನ್ನು ಯಾರೂ ತೆಗೆದುದಲ್ಲ. ಕಲಾವಿದರು ಗಣಕಯಂತ್ರದ ನೆರವಿನಿಂದ ರಚಿಸಿದುದು. ತರ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಅನುಮಾನಪ್ರಮಾಣದಿಂದ ತಿಳಿದುದು ಇಲ್ಲಿ ಪ್ರತ್ಯಕ್ಷದ ವೇಷ ಧರಿಸಿ ಬರುತ್ತದೆ. ಇದು ತಪ್ಪಲ್ಲ. ಬೆಟ್ಟದ ಮೇಲಣ ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವುದೂ ಅನುಮಾನವೇ. ಆದರೆ ಹೇತುವು ಗಟ್ಟಿಯಾಗಿರಬೇಕು.

ಹೇತು ಕೆಟ್ಟರೆ ಏನಾದೀತೆಂಬುದಕ್ಕೆ ಲಾರ್ಡ್ ಕೆಲ್ವಿನ್ನನೇ ನಿದರ್ಶನ. ಕರಗಿದ ಭೂಮಿ ಈಗಿನಷ್ಟು ತಣಿಯಲು 2 ಕೋಟಿಯಿಂದ 40 ಕೋಟಿ ವರ್ಷಗಳು ಹಿಡಿದಿರಬೇಕೆಂದು ಅವನು 1862ರಲ್ಲಿ ಗಣಿಸಿದನು. ಗಣಿತದಲ್ಲಿ ದೋಷವಿರಲಿಲ್ಲ. ಭೂಗರ್ಭದ ಶಾಖವು ಗಟ್ಟಿಯಾದ ಕಲ್ಲಿನೊಳಗೆ ಹರಿಯುವಂತೆಯೇ ಹರಿಯುವುದೆಂಬ ಅವನ ಗ್ರಹಿಕೆ ಮಾತ್ರ ನಿಲ್ಲಲಿಲ್ಲ.

ಗಟ್ಟಿಯಾದ ಹೇತು ಯುರೇನಿಯಂ ಧಾತುವಿನಲ್ಲಿ ದೊರೆಯಿತು. ಅದು ತಾನಾಗಿಯೇ ಕ್ಷಯಿಸುತ್ತ ಕಡೆಗೆ ಸೀಸವಾಗುತ್ತದೆ; ಅದರ ಮುಖ್ಯ ಬಗೆಯಲ್ಲಿ ಅರ್ಧಭಾಗ ಹೀಗಾಗಲು ಸುಮಾರು 447 ಕೋಟಿ ವರ್ಷಗಳು ಬೇಕು. ಗಳಿಗೆಬಟ್ಟಲಲ್ಲಿ ತುಂಬಿದ ನೀರನ್ನು ಕಂಡು ಕಳೆದ ಹೊತ್ತನ್ನು ಅರಿಯುವಂತೆ, ಕಲ್ಲಿನಲ್ಲಿ ಕೂಡಿದ ಸೀಸವನ್ನು ಅಳೆದು ಅದರ ವಯಸ್ಸನ್ನು ಅರಿಯಬಹುದು. ಭೂಮಿಯ ಆದಿಶಿಲೆಗಳು ಕರಗಿ ರೂಪಾಂತರ ಹೊಂದಿರುವುದರಿಂದ, ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳನ್ನು ಆಶ್ರಯಿಸಿದರು. ಅರಿಜೋನಾ ಪ್ರಾಂತದಲ್ಲಿ ಬಿದ್ದ ಕ್ಯಾನ್ಯನ್ ಡಯಾಬ್ಲೊ ಉಲ್ಕೆಯೂ ಅವುಗಳಲ್ಲೊಂದು. 1956ರಲ್ಲಿ ಅವರು ಪ್ರಕಟಿಸಿದ ವಯಸ್ಸು 455 ಕೋಟಿ ವರ್ಷ. ಅದು ಇಂದಿಗೂ ಹೆಚ್ಚು ಕದಲಿಲ್ಲ. ಈ ಕಾರ್ಯದಲ್ಲಿ ಅವರಿಗೆ ಬಂದ ತೊಡಕು ವಿಚಿತ್ರವಾದುದು. ಎಷ್ಟು ತೊಳೆದರೂ ಪ್ರಯೋಗಶಾಲೆಯಲ್ಲಿ ಹೊರಗಿನ ಸೀಸ ಸೇರಿಕೊಳ್ಳುತ್ತಿತ್ತು. ಅದನ್ನು ಹೊರಗಿಡಲು ಅತಿ ಶುಚಿಯಾದ ಕೋಣೆಯನ್ನೇ ನಿರ್ಮಿಸಬೇಕಾಯಿತು. ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸವು ಲೋಕದ ಗಾಳಿಯನ್ನೆಲ್ಲ ಕೆಡಿಸುತ್ತಿದೆಯೆಂದು ಮುಂದೆ ಅವರೇ ತೋರಿಸಿ, ತಯಾರಕರ ವಿರೋಧವನ್ನು ಎದುರಿಸಿ ಹೋರಾಡಿದರು. ಸಾಕ್ಷ್ಯಚಿತ್ರಕ್ಕೆ ಶಿಲಾರಸದ ಸಮುದ್ರಕ್ಕಿಂತ ಇದೇ ಒಳ್ಳೆಯ ಕಥಾವಸ್ತುವೆನ್ನಬಹುದು.

1998ರಲ್ಲಿ ಬಿ.ಬಿ.ಸಿ. ಸಂಸ್ಥೆಯು 'ಅರ್ತ್ ಸ್ಟೋರಿ' ಎಂಬ ಎಂಟು ಕಂತುಗಳ ಮಾಲೆಯನ್ನು ಪ್ರಸಾರ ಮಾಡಿತು. ಅದರ ನಿರೂಪಕ ಆಬ್ರಿ ಮ್ಯಾನಿಂಗ್ ಭೂವಿಜ್ಞಾನಿಯಲ್ಲ, ಪ್ರಾಣಿವಿಜ್ಞಾನಿ. ಬಲ್ಲವರ ಬಳಿಗೆ ಹೋಗಿ ಕೇಳಿ ತಿಳಿಯುವ ಜಿಜ್ಞಾಸುವಾಗಿ ಆತ ಕಾಣಿಸಿಕೊಳ್ಳುತ್ತಾರೆ. ನೋಡುಗನಿಗೆ ಹೇತುವನ್ನು ಅರುಹಲು ಇದಕ್ಕಿಂತ ಲೇಸಾದ ಕ್ರಮವಿಲ್ಲ.

ಆದರೂ ಚಿತ್ರಕ್ಕೆ ಮುಪ್ಪುಂಟು. 2001ರಲ್ಲಿ, ಎಂದರೆ ಆ ಮಾಲೆ ಮುಗಿದ ಮೂರು ವರ್ಷಗಳ ಮೇಲೆ, ಪಶ್ಚಿಮ ಆಸ್ಟ್ರೇಲಿಯದ ಜ್ಯಾಕ್ ಹಿಲ್ಸ್ ಬೆಟ್ಟಗಳಲ್ಲಿ ದೊರೆತ ಜಿರ್ಕಾನ್ ಎಂಬ ಹರಳಿನ ವಯಸ್ಸು 440 ಕೋಟಿ ವರ್ಷವೆಂದು ಪ್ರಕಟವಾಯಿತು. ಈ ಹರಳು ಹುಟ್ಟುವಾಗ ಯುರೇನಿಯಮ್ಮನ್ನು ಒಳಗೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಆದುದರಿಂದ ನಂಬತಕ್ಕ ಸಾಕ್ಷಿ. ಅದರೊಳಗಿನ ಆಮ್ಲಜನಕದ ಪ್ರಮಾಣಗಳನ್ನು ಪರೀಕ್ಷಿಸಿದವರು, ಅಷ್ಟು ಹಿಂದೆಯೇ ಭೂಮಿಯ ಮೇಲೆ ದ್ರವರೂಪದ ನೀರಿದ್ದಿರಬೇಕೆಂದು ತರ್ಕಿಸಿದರು. ಆದಿಯಲ್ಲಿ ಐವತ್ತು ಅರವತ್ತು ಕೋಟಿ ವರ್ಷ ಭೂಮಿಯೆಲ್ಲ ಬೆಂಕಿಯೇ ಎಂದು ತೋರಿಸುವ ಚಿತ್ರ ಈಗ ಸಂಶಯಾಸ್ಪದ.

ಅಂತಹ ಹರಳುಗಳನ್ನು ಕಾಣಲು ಆಸ್ಟ್ರೇಲಿಯಕ್ಕೆ ಹೋಗಬೇಕು. ಪ್ರಾಚೀನಶಿಲೆಯನ್ನೇ ಮುಟ್ಟಿ ನೋಡಬೇಕೆಂಬ ವಿದ್ಯಾರ್ಥಿಗೆ ಬೆಂಗಳೂರಿನ ಲಾಲ್‌ಬಾಗ್ ಸಾಕು. ಅಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಅಲ್ಲಿ ಫಲಕವನ್ನೂ ನಿಲ್ಲಿಸಿದ್ದಾರೆ. ಆ ಕಲ್ಲಿನ ಮೈಮೇಲಿನ ಕಪ್ಪುಬಿಳುಪಿನ ಪಟ್ಟೆಗಳು ಅದು ನೆಲದಾಳದಲ್ಲಿ ಬೆಂದು, ಒತ್ತಡಕ್ಕೆ ಸಿಕ್ಕಿ, ಮಣಿದುದರ ಗುರುತುಗಳು.